ದೆಕ್ಕ್ ಎಂದ ಹರಿವಾಣ

ಕಾಪುವಿನ ಅಲೋಶಿಯಸ್ ಫಿಟ್ಟರ್ ಸುತ್ತಿಗೆ ಎತ್ತಿದರೆ ಉಚ್ಚಿಲದ ಮೀನುಗಳು ಗುಡುಗೆಂದು ಬೆದರಿ ತಾವಾಗಿಯೇ ಬಲೆಯೊಳಗೆ ಹೋಗಿ ಅಡಗುತ್ತಿದ್ದವು ಎಂದು ಜನ ಹೇಳುತ್ತಿದ್ದರು. ಅದು ಸುಳ್ಳು. ಆದರೆ ಅವನು ಕೈಯಿಟ್ಟ ಬಸ್ಸು, ಚಾಲಕ ನಿದ್ದೆ ಹೋದರೂ, ಉಡುಪಿಯಿಂದ ಕಾರ್ಕಳದವರೆಗೆ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು ಎಂಬುದಕ್ಕೆ ಬಸ್ಸಿನ ತುಂಬ ಸಾಕ್ಷಿಗಳಿದ್ದರು. ಅವರೂ ಆಗ ನಿದ್ದೆಯಲ್ಲಿದ್ದರು, ಅಷ್ಟೆ.

ಅರವತ್ತಮೂರರ ಸುಮಾರಿಗೆ ಮಣಿಪಾಲದ ಗುಡ್ಡದ ಮೇಲೆ ಒಂದು ಅತಿಥಿಗೃಹ ಎದ್ದಿತು. ಆ ಮುರಕಲ್ಲಿನ ಗುಡ್ಡಕ್ಕೆ ಮೇಯಲು ಹೊರಟ ದನ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಬೇಕಿತ್ತು. ಅಂಥಲ್ಲಿ ಮೇಲ್ವಿಚಾರಕ ವಿಷ್ಣುಮೂರ್ತಿ ರಾಯರು ಮಣ್ಣು ಹೊರಿಸಿ ಹುಲ್ಲುಹಾಸು ಬೆಳೆಸಿದರು. ಅದನ್ನು ಕತ್ತರಿಸಲು, ಕಾರ್ಕಳದಾಚೆಯ ತೋಟದ ಇಂಗ್ಲಿಷ್ ದೊರೆ ಸ್ವದೇಶಕ್ಕೆ ಹೊರಡುವಾಗ ಬಿಟ್ಟುಹೋದ ಪುಟ್ಟ ಟ್ರಾಕ್ಟರನ್ನು ಎಲ್ಲಿಂದಲೋ ತರಿಸಿದರು. ಮೇಲೆ ಕೂತು ಓಡಿಸಿದರೆ, ಅದರ ಹೊಟ್ಟೆಯಡಿ ಕವುಚಿ ತೂಗುವ ಕಬ್ಬಿಣದ ತಟ್ಟೆಯೊಳಗೆ ಅಲಗು ತಿರುಗಿ ಹುಲ್ಲನ್ನು ಸವರುವುದು. ಇಂಜಿನು ಸರಿಯಿತ್ತು. ತಟ್ಟೆ ಮಾತ್ರ ತುಕ್ಕು ತಿಂದು ತುಕ್ಕೇ ಆಗಿತ್ತು.

ರಾಯರು ತಟ್ಟೆಯನ್ನು ಕಳಚಿಸಿ, ಗೋಣಿಯಲ್ಲಿ ಸುತ್ತಿಸಿ, ಬಸ್ಸಿನ ತಲೆಯ ಮೇಲೇರಿಸಿ ಕಾಪುವಿಗೆ ಕಳಿಸಿದರು. ಜೊತೆಗೆ ಕಂಡಕ್ಟರನ ಬಾಯಲ್ಲಿ ಒಂದು ಮಾತನ್ನೂ ಇಟ್ಟರು. ಆ ಬಾಯಲ್ಲಿ ಆಗಲೇ ಒಂದು ಹಿಡಿ ಎಲೆಯಡಿಕೆ ಇತ್ತು.

"ರಾಯರು ಹೇಳಿದ್ದಾರೆ, ದೆಕ್ಕ್ ಮಾತ್ರ. ಬೇರೆ ಎಂತದೂ ಬೇಡವಂತೆ," ಎಂದು ಅವನು ಉಗುಳಿ, ಶಿಳ್ಳೆ ಹಾಕಿ ಬಸ್ಸು ಬಿಡಿಸಿದ.

ತುಳುವಿನಲ್ಲಿ ದೆಕ್ಕ್ ಎಂದರೆ ತೊಳೆ. ಆ ತಟ್ಟೆಗೆ ಇಂಗ್ಲಿಷಿನಲ್ಲಿ ಡೆಕ್ ಎಂಬ ಹೆಸರಿದೆ ಎಂದು ಅಲೋಶಿಯಸನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ಅದು ಹರಿವಾಣ. ಬರೀ ತೊಳೆಯುವುದಕ್ಕೆ ಫಿಟ್ಟರ್ ಯಾಕೆ ಬೇಕಿತ್ತು ಎಂದು ಗೊಣಗುತ್ತ ಗೋಣಿ ಬಿಚ್ಚಿದ. ಟ್ರಾಕ್ಟರಿನಲ್ಲೇ ಉಳಿದುಹೋಗಿ ಗೋಣಿ ಸೇರಿದ್ದ ಒಂದು ಜೊತೆ ಬೂಟು ಒಳಗಿಂದ ಉರುಳಿ ಬಿತ್ತು. ಅಟ್ಟೆಯಲ್ಲಿ ಕೆಸರು ಕಲ್ಲಾಗಿತ್ತು.

ಯಂತ್ರ ಯಾರದೆಂದು ಅವನಿಗೆ ಬೂಟಿನಿಂದ ತಿಳಿಯಿತು. ದೊರೆಯ ತೋಟದಲ್ಲಿ ಆ ಟ್ರಾಕ್ಟರ್ ಓಡಿಸುತ್ತಿದ್ದವನು ಅವನ ಅಣ್ಣ ಪ್ಯಾಟ್ರಿಕ್. ಒಂದು ವರ್ಷ ಹೊಸ ಅಕ್ಕಿಯ ಊಟದ ಮೊಂತಿ ಹಬ್ಬಕ್ಕೆ ಪ್ಯಾಟ್ರಿಕ್ ಇದೇ ಬೂಟು ತೊಟ್ಟು, ಮಳೆಯಲ್ಲಿ ನೆನೆದು, ಕಾಪುವಿನ ಮನೆಗೆ ಬಂದಿದ್ದ. ದೊರೆ ಕೊಟ್ಟ ಬೂಟು, ಬಿಚ್ಚಲು ಮನಸ್ಸಿರಲಿಲ್ಲ. ನೆಂಟರೆಲ್ಲ ನೋಡುತ್ತಿರುವಾಗ ಅಲೋಶಿಯಸ್ ಬಾಗಿಲಿಗೆ ಅಡ್ಡ ನಿಂತ. ಮನೆಮಾತು ಕೊಂಕಣಿ. ಆದರೂ ಗದ್ದೆಯ ಆಳಿಗೆ ಹೇಳುವ ಹಾಗೆ ತುಳುವಿನಲ್ಲಿ ಒಂದೇ ಮಾತು ಹೇಳಿದ್ದ: "ದೆಕ್ಕ್."

ಪ್ಯಾಟ್ರಿಕ್ ತೊಳೆಯಲಿಲ್ಲ. ತಿರುಗಿ ನಡೆದ. ಮತ್ತೆ ಬರಲೂ ಇಲ್ಲ. ಎರಡು ಮಳೆಗಾಲ ಕಳೆದು ತೋಟದಲ್ಲೇ ಜ್ವರದಲ್ಲಿ ತೀರಿಕೊಂಡ. ಸುದ್ದಿ ಕಾಪು ತಲುಪುವಷ್ಟರಲ್ಲಿ ಯಾರೋ ಮೈ ತೊಳೆದು, ಯಾರೋ ಮಣ್ಣು ಹಾಕಿ ಆಗಿತ್ತು.

ಅಲೋಶಿಯಸ್ ಹರಿವಾಣವನ್ನು ಕೊಟ್ಟಿಗೆಯ ಗೋಡೆಗೆ ಓರೆಯಾಗಿ ನಿಲ್ಲಿಸಿದ. ಸಂಜೆ ಕಡಲಗಾಳಿ ಎದ್ದಿತು. ಕಾಪುವಿನ ಗಾಳಿಯೆಂದರೆ ದೀಪಸ್ತಂಭವೂ ಟೋಪಿ ಹಿಡಿದುಕೊಂಡು ನಿಲ್ಲುವಂಥದು. ಅಲಗು ಮೆಲ್ಲಗೆ ತಿರುಗಿತು. ಅದರ ಒಂದು ತುದಿ ಬಾಗಿತ್ತು. ಸುತ್ತಿಗೊಮ್ಮೆ ಅಂಚಿಗೆ ತಾಗುತ್ತಿತ್ತು.

ದೆಕ್ಕ್.

ಅವನ ಕೈಯಲ್ಲಿದ್ದ ಗಂಜಿಯ ಬಟ್ಟಲು ನಿಂತಲ್ಲೇ ನಿಂತಿತು. ಗಾಳಿ ಇರುವಷ್ಟು ಹೊತ್ತೂ ಅದು ಹೇಳುತ್ತಲೇ ಇತ್ತು. ದೆಕ್ಕ್. ದೆಕ್ಕ್.

ಹೆಂಡತಿ ಇಮೆಲ್ಡಾಗೂ ಕೇಳಿತು. ಗಂಡನ ಮುಖ ನೋಡಿ ವಿಷಯ ತಿಳಿಯಿತು. ಅವಳು ಧೈರ್ಯದ ಹೆಂಗಸು. ಒಮ್ಮೆ ಪೊರಕೆ ಹಿಡಿದು ಹುಲಿಯನ್ನು ಓಡಿಸಿದ್ದಳಂತೆ, ಹುಲಿ ಈಗಲೂ ಪೆರ್ಡೂರಿನ ಕಾಡಿನಲ್ಲಿ ಅದನ್ನು ನೆನೆದು ಬೆಚ್ಚುತ್ತದಂತೆ. ಆದರೂ ಆ ಸಂಜೆ ಕೊಟ್ಟಿಗೆಯ ಕಡೆಯ ಕಿಟಕಿ ಮುಚ್ಚಿದಳು.

"ನಿಮ್ಮ ಅಣ್ಣನೇ ಆಗಿದ್ದರೆ ಕೊಂಕಣಿಯಲ್ಲಿ ಹೇಳುತ್ತಿದ್ದರು ಅಲ್ವಾ? 'ಧು' ಅನ್ನುತ್ತಿದ್ದರು," ಎಂದಳು. "ಇಗರ್ಜಿಗೆ ಹೋಗುವವರ ಆತ್ಮ ತುಳು ಯಾಕೆ ಮಾತಾಡುತ್ತದೆ?"

ಯಾಕೆಂದು ಅಲೋಶಿಯಸನಿಗೆ ಗೊತ್ತಿತ್ತು.

ತನ್ನ ಕೈಯಿಂದ ತಪ್ಪಿಹೋದ ಕೊನೆಯ ಸ್ನಾನವನ್ನು ಅಣ್ಣ ಈಗ ಕೇಳುತ್ತಿದ್ದಾನೆ ಎಂದು ಅವನು ಅರ್ಥ ಮಾಡಿಕೊಂಡ. ಮರುದಿನ ಹರಿವಾಣವನ್ನು ಬಾವಿಕಟ್ಟೆಗೆ ಹೊತ್ತ. ಹುಣಸೆಹುಳಿ, ಬೂದಿ, ತೆಂಗಿನ ಸಿಪ್ಪೆ ಹಿಡಿದು ತಿಕ್ಕಿದ. ಜೋರಾಗಿ ತಿಕ್ಕಲಿಲ್ಲ, ಮಲಗಿದವನ ಬೆನ್ನು ಉಜ್ಜುವ ಹಾಗೆ ಉಜ್ಜಿದ. ಹಳೆಯ ಹುಲ್ಲಿನ ಹಕ್ಕಳೆ ಎದ್ದು ಬಂತು, ತುಕ್ಕು ಕೆಂಪಗೆ ಹರಿಯಿತು. ತೊಳೆದು ಮುಗಿದಾಗ ತಿಳಿಯಿತು: ಅದುವರೆಗೆ ಹರಿವಾಣವನ್ನು ಹಿಡಿದಿಟ್ಟದ್ದು ತುಕ್ಕೇ. ಈಗ ಅದರಲ್ಲಿ ದೋಸೆಗಿಂತ ಹೆಚ್ಚು ತೂತು ಇದ್ದವು.

ಸಂಜೆ ಗಾಳಿ ಬಂತು. ದೆಕ್ಕ್.

ಮತ್ತೆ ತೊಳೆದ. ಮತ್ತೆ ಅದೇ ಮಾತು. ಅಷ್ಟು ದಿನ ತೊಳೆದನೆಂದರೆ ಬಾವಿ ಬತ್ತಿ, ತಳದಲ್ಲಿ ಕಪ್ಪೆಗಳು ನೀರಿಗಾಗಿ ಜಗಳಾಡಿದವು. ಅವನ ಮೈಯೂ ಸೊರಗಿ ಇಳಿದುಹೋಯಿತು.

ಒಂದು ದಿನ ವಿಷ್ಣುಮೂರ್ತಿ ರಾಯರೇ ಬಂದರು. ಬೆಳ್ಳಿಯಂತೆ ಹೊಳೆಯುವ ಜರಡಿಯನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದೆಂತ ಮಾಡಿದ್ದು ಮಾರಾಯ?"

"ನೀವೇ ಹೇಳಿದ್ದಲ್ವಾ ರಾಯರೇ, ದೆಕ್ಕ್ ಮಾತ್ರ ಅಂತ."

ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರು ನಕ್ಕ ನಗೆಗೆ ಕೊಟ್ಟಿಗೆಯ ಎರಡು ಹೆಂಚು ಜಾರಿದವು. ಡೆಕ್ ಎಂಬುದು ಆ ತಟ್ಟೆಯ ಹೆಸರು, ಅದನ್ನು ರಿಪೇರಿ ಮಾಡು ಎಂದಷ್ಟೇ ತಾನು ಹೇಳಿದ್ದು ಎಂದು ಬಿಡಿಸಿ ಹೇಳಿ, ಇನ್ನಾದರೂ ತೂತು ಮುಚ್ಚು ಎಂದು ಹೋದರು.

ಅಲೋಶಿಯಸನೂ ನಕ್ಕ. ನಗುತ್ತಲೇ ಕೆಲಸಕ್ಕೆ ಕೂತ. ಹಳೆ ಬಸ್ಸಿನ ತಗಡು ಕತ್ತರಿಸಿ, ರಿವೆಟ್ ಹೊಡೆದು, ಒಂದೊಂದೇ ತೂತು ಮುಚ್ಚಿದ. ಕಂಡಕ್ಟರನ ಮಾತು ತಪ್ಪಾಗಿ ಕೇಳಿತು, ಸರಿ. ಕಬ್ಬಿಣದ ಮಾತು? ತಗಡಿನ ಮೇಲೆ ಸುತ್ತಿಗೆ ಬೀಳುತ್ತಿದ್ದಂತೆ ಅವನಿಗೆ ಹೊಳೆಯಿತು: ಅದು ಏನನ್ನೂ ಕೇಳುತ್ತಿರಲಿಲ್ಲ. ಅವನೇ ಕೊಟ್ಟ ಮಾತನ್ನು ಹಿಂದಿರುಗಿಸುತ್ತಿತ್ತು. ಬಾಗಿಲಲ್ಲಿ ನಿಂತು ಹೇಳಿದ್ದು ಅವನು, ಅಣ್ಣನಲ್ಲ.

ಬಣ್ಣ ಒಣಗಿತು. ಬಾಗಿದ ಅಲಗನ್ನು ನೇರ ಮಾಡುವುದೊಂದು ಉಳಿಯಿತು. ಅದಾದರೆ ಸದ್ದು ನಿಲ್ಲುತ್ತದೆ. ಅವನು ಸುತ್ತಿಗೆ ಎತ್ತಿದ, ಇಳಿಸಿದ. ಸುತ್ತಿಗೆಯಿಂದ ಬಾಯಿ ಮುಚ್ಚಿಸುವುದು ಅಣ್ಣನನ್ನು ಎರಡನೆಯ ಸಲ ಬಾಗಿಲಿಂದ ಕಳಿಸಿದ ಹಾಗೆ ಎನಿಸಿತು.

ಗೋಣಿಯ ಮೇಲಿದ್ದ ಬೂಟುಗಳನ್ನು ಎತ್ತಿಕೊಂಡು ಮನೆಗೆ ನಡೆದ. ಮೆಟ್ಟಿಲ ಬಳಿ ಕಾಲು ತೊಳೆಯುವ ನೀರಿನ ಮಡಕೆ ಇತ್ತು. ಅದನ್ನು ದಾಟಿದ. ಇಮೆಲ್ಡಾ ಆಗಷ್ಟೇ ಸೆಗಣಿ ಸಾರಿಸಿದ ನೆಲದ ನಡುವೆ, ಶಿಲುಬೆಯ ಕೆಳಗೆ, ಬೂಟುಗಳನ್ನು ಇಟ್ಟ. ಕೆಸರಿನ ಹೆಂಟೆ ಉದುರಿತು.

"ಕೆಸರು ಉಂಟು ಅದರಲ್ಲಿ," ಎಂದಳು ಅವಳು ಮೆಲ್ಲಗೆ.

"ಇರಲಿ. ಹಾಗೇ ಒಳಗೆ ಬರಲಿ."

ಅವಳು ಪೊರಕೆ ತರಲಿಲ್ಲ. ಹೊತ್ತು ಮುಳುಗುವಾಗ ಗಾಳಿ ಎದ್ದು ಹೆಂಚು ನಡುಗಿಸಿತು. ಇಬ್ಬರೂ ಕಿವಿ ಕೊಟ್ಟು ಕೂತರು. ಕೊಟ್ಟಿಗೆಯಲ್ಲಿ ಅಲಗು ಗರಗರ ತಿರುಗುವುದು ಕೇಳುತ್ತಿತ್ತು. ಬೇರೇನೂ ಕೇಳಲಿಲ್ಲ.

ಹೊಸ ತಗಡು ಬಡಿದಾಗ ಅಂಚು ಸ್ವಲ್ಪ ಹೊರಗೆ ಸರಿದಿರಬೇಕು ಎಂದರು ರಾಯರು ಆಮೇಲೆ. ಇರಬಹುದು, ರಾಯರು ಓದಿದವರು. ಅಲೋಶಿಯಸ್ ಬೆಳಿಗ್ಗೆ ಹೋಗಿ ನೋಡಿದಾಗ ಅಲಗಿನ ತುದಿ ಬಾಗಿದಂತೆಯೇ ಇತ್ತು. ಮಣಿಪಾಲದ ಹುಲ್ಲಿಗಾಗಿ ಅದನ್ನು ನೇರ ಮಾಡಿದ. ಮನೆಯೊಳಗೆ ಉದುರಿದ ಮಣ್ಣನ್ನು ಮಾತ್ರ ಇಮೆಲ್ಡಾ ಮುಟ್ಟದೆ, ಅದರ ಸುತ್ತ ಬಳಸಿ ಗುಡಿಸುತ್ತಿದ್ದಳು.