ದಿಂಬಿನ ಮೇಲಿನ ಕಲ್ಲುಸಕ್ಕರೆ

ಕಳೆದ ತಿಂಗಳು ಬ್ಯಾಂಕಿನ ತರಬೇತಿಗೆಂದು ಉದಯಪುರಕ್ಕೆ ಹೋಗಿದ್ದೆ. ನಮ್ಮನ್ನು ಇಳಿಸಿದ್ದು ಸರೋವರದ ದಂಡೆಯ ಒಂದು ಹಳೆಯ ಹವೇಲಿಯಲ್ಲಿ. ಈಗ ಅದು ಹೋಟೆಲು. ಸಂಜೆ ಕೋಣೆಗೆ ಬಂದರೆ ಯಾರೋ ಹಾಸಿಗೆ ಸರಿಮಾಡಿ, ದೀಪ ಸಣ್ಣದು ಮಾಡಿ, ದಿಂಬಿನ ಮೇಲೆ ಬಂಗಾರದ ಕಾಗದದಲ್ಲಿ ಸುತ್ತಿದ ಒಂದು ಚಾಕೊಲೇಟ್ ಇಟ್ಟು ಹೋಗಿದ್ದರು. ನಾನು ಮಾಡಿದ ಮೊದಲ ಕೆಲಸವೆಂದರೆ ದಿಂಬು ಎತ್ತಿ ಇರುವೆ ಇವೆಯೇ ಎಂದು ನೋಡಿದ್ದು. ಇರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಒಬ್ಬಳೇ ನಕ್ಕೆ.

ಸಿರುಗುಪ್ಪದ ಆ ಲಾಡ್ಜಿನ ಮ್ಯಾನೇಜರ್ ನೆನಪಾಗಿದ್ದರು.

ಹದಿನೈದು ವರ್ಷಗಳ ಹಿಂದಿನ ಮಾತು. ಬ್ಯಾಂಕಿನ ನೌಕರಿ ಸಿಕ್ಕಿ ಮೊದಲ ಸಲ ಸಿರುಗುಪ್ಪದ ಶಾಖೆಗೆ ಬಂದಿದ್ದೆ. ಒಬ್ಬಂಟಿ ಹುಡುಗಿಗೆ ಮನೆ ಕೊಡಲು ಊರಿನಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಒಬ್ಬರು ಮನೆಯೆಲ್ಲ ತೋರಿಸಿ, ಕೊನೆಗೆ ಗಂಡ ಯಾವಾಗ ಬರುತ್ತಾರೆ ಎಂದು ಕೇಳಿದರು. ಗಂಡ ಇನ್ನೂ ಸಿಕ್ಕಿಲ್ಲ ಎಂದೆ. ನನ್ನ ಬಾಯಿಯೇ ಹಾಗೆ, ಮನೆ ಕೈತಪ್ಪಿತು. ಕಡೆಗೆ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದಂಗಡಿಯ ಮಹಡಿಯ ಮೇಲಿದ್ದ ಲಾಡ್ಜಿಗೆ ಬಂದೆ. ಮೆಟ್ಟಿಲು ಹತ್ತುವಾಗಲೇ ಕೆಳಗಿನ ಯೂರಿಯಾದ ಘಾಟು ಮೂಗಿಗೆ ಹೊಡೆಯಿತು.

ಕೌಂಟರಿನ ಹಿಂದೆ ಹಣೆತುಂಬ ವಿಭೂತಿ ಬಳಿದುಕೊಂಡ, ಐವತ್ತು ದಾಟಿದ ಸಣಕಲು ಮನುಷ್ಯ ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗುಂಡಿ ಕತ್ತಿನವರೆಗೂ ಹಾಕಿದ್ದು. "ಬರ್ರಿ, ನಿಮ್ಮ ರೂಮ್ ತಯಾರೈತಿ" ಎಂದರು. ನಾನು ರೂಮು ಕೇಳಿಯೇ ಇರಲಿಲ್ಲ. ಬಂದವರೆಲ್ಲರಿಗೂ ಅವರು ಹಾಗೆಯೇ ಹೇಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಒಂಬತ್ತು ಕೋಣೆಗಳು. ಒಂದೊಂದರಲ್ಲೂ ಒಂದೊಂದು ಚಿತ್ರ, ಗಾಜು ಹಾಕಿಸಿದ್ದು. ಬಳ್ಳಾರಿಯ ರದ್ದಿ ಅಂಗಡಿಗಳಲ್ಲಿ ಹಳೆಯ ಪತ್ರಿಕೆಗಳನ್ನು ಹುಡುಕಿ, ಜಗತ್ತಿನ ಹೆಸರಾಂತ ಹೋಟೆಲುಗಳ ಚಿತ್ರಗಳನ್ನು ಕತ್ತರಿಸಿ ತಂದಿದ್ದರು. ಎರಡನೇ ನಂಬರಿನದು ನಾನಿದ್ದ ಕೋಣೆ. ಗೋಡೆಯ ಮೇಲೆ ಉದಯಪುರದ ಸರೋವರದ ನಡುವೆ ತೇಲುವಂತೆ ನಿಂತ ಬಿಳಿ ಅರಮನೆ ಹೋಟೆಲು. ನಾಲ್ಕರಲ್ಲಿ ಆಫ್ರಿಕಾದ ಒಂದು ಬಂಗಲೆ. ತಿಂಡಿ ತಿನ್ನುವಾಗ ಜಿರಾಫೆ ಕಿಟಕಿಯೊಳಗೆ ಕತ್ತು ಚಾಚುತ್ತದೆ. ಆರರಲ್ಲಿ ಜಪಾನಿನ ಮರದ ಮನೆ, ಅಂಗಳದಲ್ಲಿ ಬಿಸಿನೀರಿನ ಬುಗ್ಗೆ. ಐದರಲ್ಲಿ ಸ್ವೀಡನ್ನಿನ ಹಿಮದ ಹೋಟೆಲು, ಮಂಚವೂ ಮಂಜುಗಡ್ಡೆಯದೇ. ಸಿರುಗುಪ್ಪದ ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದವರಿಗೆಲ್ಲ ಅವರು ಐದನೇ ನಂಬರಿನ ಕೀಲಿ ಕೊಡುತ್ತಿದ್ದರು. "ಬ್ಯಾಸಿಗ್ಯಾಗ ಇದ ಛಲೋರಿ, ತಂಪು ಇರ್ತೈತಿ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಫ್ಯಾನು ಎಲ್ಲ ಕೋಣೆಗಳಲ್ಲೂ ಒಂದೇ ಥರ ಕಿರುಗುಟ್ಟುತ್ತಿತ್ತು.

ದೊಡ್ಡ ಹೋಟೆಲುಗಳಲ್ಲಿ ಸಂಜೆ ದಿಂಬಿನ ಮೇಲೆ ಚಾಕೊಲೇಟ್ ಇಡುತ್ತಾರೆ ಎಂದು ಅವರು ಎಲ್ಲೋ ಓದಿದ್ದರು. ನಮ್ಮ ಕಡೆಯ ಬಿಸಿಲಿಗೆ ಚಾಕೊಲೇಟ್ ಕರಗಿ ಎರಡು ದಿಂಬಿನ ಗಲೀಫು ಹಾಳಾದವು. ಆಮೇಲೆ ಕಲ್ಲುಸಕ್ಕರೆ ಇಡಲು ಶುರುಮಾಡಿದರು. ಒಂದು ಮುಂಜಾನೆ ಬೀಜದ ಕಂಪನಿಯ ಏಜೆಂಟನೊಬ್ಬ ಮೈಯೆಲ್ಲ ಕೆರೆದುಕೊಳ್ಳುತ್ತ ಕೌಂಟರಿಗೆ ಬಂದ. "ಏನ್ರೀ ಇದು, ಲಾಡ್ಜೋ ಇರುವಿ ಗೂಡೋ?" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗಾಡಿದ. ಮ್ಯಾನೇಜರ್ ಕೈಮುಗಿದು ನಿಂತರು. ಆ ಸಂಜೆಯಿಂದ ಕಲ್ಲುಸಕ್ಕರೆಯನ್ನು ಬಣ್ಣದ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಇಡತೊಡಗಿದರು. ಬಿಟ್ಟುಬಿಡಬಹುದಿತ್ತು, ಅದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಸಂಜೆ ಬ್ಯಾಂಕಿನಿಂದ ಬಂದು ನಾನು ಕೌಂಟರಿನ ಎದುರು ಕೂರುತ್ತಿದ್ದೆ. ಕೆಳಗೆ ಭತ್ತದ ಲಾರಿಗಳು ಮಿಲ್ಲಿನ ಕಡೆ ಸಾಲುಗಟ್ಟಿರುತ್ತಿದ್ದವು. ಅವರು ಇಸ್ತಾಂಬುಲ್ಲಿನ ಹೋಟೆಲೊಂದರ ಬಗ್ಗೆ ಹೇಳುತ್ತಿದ್ದರು, ರೈಲು ಇಳಿದವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಕರೆತರುತ್ತಿದ್ದರಂತೆ. ಸಮುದ್ರದ ದೀಪಸ್ತಂಭವನ್ನೇ ಹೋಟೆಲು ಮಾಡಿದ್ದಾರಂತೆ, ಒಂದೇ ಕೋಣೆ, ಸುತ್ತಲೂ ನೀರು. ಅವರ ದನಿ ಮೆಲ್ಲಗಾದಂತೆ ಲಾರಿಗಳ ಸದ್ದು ಎಲ್ಲೋ ದೂರ ಸರಿದು, ಆ ಮೊಜಾಯಿಕ್ ನೆಲದ ಕೆಳಗೆ ನೀರು ಹರಿಯುತ್ತಿದೆ ಅನಿಸುತ್ತಿತ್ತು... ಅವರಾದರೋ ಹುಟ್ಟಿದ ಕುರುಗೋಡು ಬಿಟ್ಟರೆ ಬಳ್ಳಾರಿ, ಬಳ್ಳಾರಿ ಬಿಟ್ಟರೆ ಸಿರುಗುಪ್ಪ, ಇಷ್ಟನ್ನೇ ನೋಡಿದವರು. ಮದುವೆಯಾಗಿರಲಿಲ್ಲ. ಕೌಂಟರಿನ ಹಿಂದೆ, ಪರದೆಯ ಮರೆಯ ಬೆಂಚಿನ ಮೇಲೆ ಮಲಗುತ್ತಿದ್ದರು. ತಮ್ಮದೇ ಲಾಡ್ಜಿನ ಒಂದು ಕೋಣೆಯಲ್ಲೂ ಒಂದು ದಿನವೂ ಮಲಗಿದವರಲ್ಲ.

ಯಾಕೆ ಎಂದು ಒಮ್ಮೆ ಕೇಳಿದೆ.

ಅವರು ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. ಹೆಸರು, ಎಲ್ಲಿಂದ, ಎಲ್ಲಿಗೆ, ಬಂದ ಕಾರಣ... "ಕಾರಣ ನೋಡ್ರಿ ಮೇಡಂ. ಯಾಪಾರ, ಕೋರ್ಟು, ದವಾಖಾನಿ, ಹೆಣ್ಣು ನೋಡಾಕ. ನಿಮ್ಮದು ನೌಕರಿ. ದೊಡ್ಡ ಹೋಟೆಲಿಗೆ ಜನ ಸುಮ್ನ ಬರ್ತಾರಂತ್ರಿ. ಸುಮ್ನ ಬಂದು, ಸುಮ್ನ ಇದ್ದು, ಹೋಗ್ತಾರಂತ. ಮೂವತ್ತು ವರ್ಷದಾಗ ನಮ್ಮಲ್ಲಿ ಸುಮ್ನ ಬಂದೋರು ಒಬ್ರೂ ಇಲ್ಲ." ಪೆನ್ನಿನ ಮುಚ್ಚಳ ಹಾಕಿ ರಿಜಿಸ್ಟರ್ ಮುಚ್ಚಿದರು. "ಒಂದ ಸಲ ಎಲ್ಲಿಗಾರ ಸುಮ್ನ ಹೋಗಿ ಇರಬೇಕು ಅಂತ ಆಸಿ ಐತ್ರಿ. ಆ ಕಡಿಯಾವ್ರು ಎದ್ದು ನಿಂತು, ಬರ್ರಿ, ನಿಮ್ಮ ರೂಮ್ ತಯಾರೈತಿ ಅನ್ನಬೇಕು. ಅಷ್ಟ."

ನನಗೆ ಆಗ ಇಪ್ಪತ್ನಾಲ್ಕು ವಯಸ್ಸು. ಏನು ಬೇಕಾದರೂ ಮಾಡಿಬಿಡಬಲ್ಲೆ ಎಂಬ ಹುಮ್ಮಸ್ಸು. ಬಳ್ಳಾರಿಯಲ್ಲಿ ಆಗಷ್ಟೇ ತೆರೆದಿದ್ದ ದೊಡ್ಡ ಹೋಟೆಲಿಗೆ ಫೋನ್ ಮಾಡಿ, ಕೋಟೆಯ ಗುಡ್ಡ ಕಾಣುವಂಥ ಕೋಣೆಯನ್ನು ಅವರ ಹೆಸರಿಗೆ ಒಂದು ಭಾನುವಾರಕ್ಕೆ ಕಾಯ್ದಿರಿಸಿದೆ. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಅವರು ಹೊಸ ಚಪ್ಪಲಿ ಹಾಕಿದ್ದರು. ಕೈಯಲ್ಲಿ ಒಂದು ಬಟ್ಟೆಚೀಲ; ಒಳಗೆ ಟವೆಲು, ಜೋಳದ ರೊಟ್ಟಿಯ ಗಂಟು, ಮತ್ತೆ ಮಡಿಸಿದ ಹಾಸಿಗೆಯ ಚಾದರ. ಅಲ್ಲಿ ಚಾದರ ಇರುತ್ತದೆ ಎಂದೆ. "ಇರ್ತೈತ್ರಿ. ಆದ್ರ ಯಾರ ಮನಿಗೆ ಹೋದ್ರೂ ನಮ್ಮ ಹಾಸಿಗಿ ನಾವ ಒಯ್ಬೇಕಲ್ರಿ" ಎಂದರು. ದಾರಿಯುದ್ದಕ್ಕೂ ಕಿಟಕಿಯಾಚೆಯ ಹಸಿರು ಗದ್ದೆಗಳನ್ನು ಮೊದಲ ಸಲ ಕಾಣುವವರ ಹಾಗೆ ನೋಡುತ್ತಿದ್ದರು.

ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗ ನಗುತ್ತ ಸ್ವಾಗತಿಸಿ ಗುರುತಿನ ಚೀಟಿ ಕೇಳಿದ. ಮ್ಯಾನೇಜರ್ ಜೇಬು ಮುಟ್ಟಿಕೊಂಡರು. ಚೀಲ ತೆಗೆದು ನೋಡಿದರು. ಆಮೇಲೆ ಅವರ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಮೂವತ್ತು ವರ್ಷ ಬಂದವರನ್ನೆಲ್ಲ ಗುರುತಿನ ಚೀಟಿ ಕೇಳಿ ಕೇಳಿ, ಅದಿಲ್ಲದವರನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸಿದ ಮನುಷ್ಯನಿಗೆ, ತನ್ನನ್ನೂ ಒಬ್ಬರು ಅದನ್ನು ಕೇಳಬಹುದು ಎಂಬುದೇ ತಲೆಗೆ ಬಂದಿರಲಿಲ್ಲ.

ನಾನು ಜಗಳಕ್ಕೆ ನಿಂತೆ. ನನ್ನ ಬ್ಯಾಂಕಿನ ಕಾರ್ಡು ತೋರಿಸಿದೆ. ಆ ಹುಡುಗ ಪಾಪ, ಇಳಿದುಕೊಳ್ಳುವವರದೇ ಬೇಕು ಎಂದು ಮೆತ್ತಗೆ ಹೇಳುತ್ತಲೇ ಇದ್ದ. ನನ್ನ ದನಿ ಏರಿತು. ಆಗ ಅವರು ಮಧ್ಯೆ ಬಂದರು. "ಬಿಡ್ರಿ ಮೇಡಂ. ಈ ತಮ್ಮ ಹೇಳೂದು ಖರೇ ಐತಿ. ನಾನಿದ್ರೂ ಇದನ್ನ ಹೇಳ್ತಿದ್ದೆ." ಅವನ ಕಡೆ ತಿರುಗಿ, "ರಿಜಿಸ್ಟರ್ ಭಾಳ ಛಲೋ ಇಟ್ಟೀಯಪ್ಪ" ಎಂದರು.

ಲಾಬಿಯಲ್ಲಿ ಸ್ವಲ್ಪ ಹೊತ್ತು ಕೂರಲು ಅಪ್ಪಣೆ ಕೇಳಿ, ಸೋಫಾದ ತುದಿಯಲ್ಲಿ ಕೂತರು. ಹೂದಾನಿಯ ಹೂವು ನಿಜವಾದದ್ದೇ ಎಂದು ಮುಟ್ಟಿ ನೋಡಿದರು. ಲಿಫ್ಟಿನ ಬಾಗಿಲು ತೆರೆದು ಮುಚ್ಚುವುದನ್ನು ನೋಡುತ್ತಿದ್ದರು. ವಾಪಸು ಬರುವಾಗ ತೆಕ್ಕಲಕೋಟೆಯ ಹತ್ತಿರ ಬಸ್ಸಿನಲ್ಲಿ ಇಬ್ಬರೂ ಅದೇ ರೊಟ್ಟಿ ತಿಂದೆವು. ಮುಂದಿನ ತಿಂಗಳು ಖಂಡಿತ ಎಂದೆ. "ಆಗಲ್ರಿ, ಅವಸರ ಏನೈತಿ" ಎಂದರು.

ಮುಂದಿನ ತಿಂಗಳು ನನಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವಾಗ ಕಾಗದದ ಪೊಟ್ಟಣದಲ್ಲಿ ಕಲ್ಲುಸಕ್ಕರೆ ಕೊಟ್ಟರು. ನಾನು ಮತ್ತೊಮ್ಮೆ ಮಾತು ಕೊಟ್ಟೆ. ಆಮೇಲೆ ಮದುವೆ, ಮಕ್ಕಳು, ಬಡ್ತಿ, ಇನ್ನೊಂದು ಊರು... ಮೊದಮೊದಲು ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ, ನಂತರ ಅದೂ ನಿಂತಿತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ನಾಳೆ ಮಾಡಿದರಾಯಿತು ಎಂಬ ಸೋಮಾರಿತನವೂ ಅದರ ಜೊತೆಗೇ ಇತ್ತು.

ಹೋದ ವರ್ಷ ಶಾಖೆಯ ತಪಾಸಣೆಗೆ ಸಿರುಗುಪ್ಪಕ್ಕೆ ಹೋದಾಗ ಮಹಡಿಯ ಮೇಲೆ ಲಾಡ್ಜು ಇರಲಿಲ್ಲ. ಬಟ್ಟೆಯಂಗಡಿಯ ಬೋರ್ಡು ಇತ್ತು. ಲಾಡ್ಜಿನ ಮಾಲೀಕರೂ ಆಗಿದ್ದ ಗೊಬ್ಬರದಂಗಡಿಯವರು ನನ್ನನ್ನು ಗುರುತು ಹಿಡಿದರು. ಎರಡು ವರ್ಷದ ಹಿಂದೆ ಲಾಡ್ಜು ಮುಚ್ಚಿದರಂತೆ. ಮ್ಯಾನೇಜರ್ ಕುರುಗೋಡಿನ ತಂಗಿಯ ಮನೆಗೆ ಹೋದರಂತೆ, ಅದೇ ಚಳಿಗಾಲದಲ್ಲಿ ತೀರಿಕೊಂಡರಂತೆ. ಪೊಲೀಸರು ಕೇಳಿದರೆ ಇರಲಿ ಎಂದು ಇಟ್ಟುಕೊಂಡಿದ್ದ ಕೊನೆಯ ರಿಜಿಸ್ಟರನ್ನು ಅವರು ಗಲ್ಲಾದ ಕೆಳಗಿನಿಂದ ತೆಗೆದರು.

"ಮುಚ್ಚೂ ದಿನ ಒಂದು ರೂಮ್ ಕೇಳಿದ ನೋಡ್ರಿ. ಎಲ್ಲಾ ನಿಂದ ಐತಲ್ಲೋ ಮಾರಾಯ ಅಂದೆ. ಇಲ್ಲ, ಬರದು ತಗೊಂತೀನಿ ಅಂದ."

ಕೊನೆಯ ಪುಟದ ಕೊನೆಯ ಸಾಲು, ಅವರದೇ ದುಂಡು ಅಕ್ಷರ. ರೂಮ್ ನಂಬರ್ ಎರಡು. ಎಲ್ಲಿಂದ: ಕುರುಗೋಡು. ಎಲ್ಲಿಗೆ: ಕುರುಗೋಡು. ಬಂದ ಸಮಯ ಮಧ್ಯಾಹ್ನ ಹನ್ನೆರಡು, ಹೋದ ಸಮಯ ಮರುದಿನ ಮಧ್ಯಾಹ್ನ ಹನ್ನೆರಡು. ಪುಟಕ್ಕೆ ಆಧಾರ್ ಕಾರ್ಡಿನ ಜೆರಾಕ್ಸ್ ಪಿನ್ ಮಾಡಿದ್ದರು. ಬಂದ ಕಾರಣ: ಸುಮ್ನ.

"ಹೋದ ಮ್ಯಾಲ ನೋಡಿದ್ರ ಹಾಸಿಗಿ ಹಂಗ ನೀಟಾಗಿ ಮಡಿಚಿ ಇಟ್ಟಿದ್ದ" ಎಂದರು ಮಾಲೀಕರು. "ಕಲ್ಲುಸಕ್ರಿ ದಿಂಬಿನ ಮ್ಯಾಲ ಹಂಗ ಇತ್ರಿ. ತಿಂದಿರಲಿಲ್ಲ."

ತಾನೇ ಇಟ್ಟುಕೊಂಡದ್ದನ್ನು ತಿನ್ನಲು ಅವರಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಅದನ್ನು ಇನ್ನೊಬ್ಬರು ಇಡಬೇಕು. ಆ ಮಧ್ಯಾಹ್ನ ಹನ್ನೆರಡಕ್ಕೆ ಕೌಂಟರಿನ ಹಿಂದೆ ಎದ್ದು ನಿಲ್ಲಲು ಒಬ್ಬರು ಬೇಕಿತ್ತು, ನಾನಿರಬೇಕಿತ್ತು. ಇದನ್ನು ಯಾರಿಗೆ ಹೇಳಿಕೊಂಡು ಅಳಲಿ?

ಉದಯಪುರದ ಆ ಸಂಜೆ ಕಿಟಕಿಯ ಪರದೆ ಸರಿಸಿದೆ. ಎರಡನೇ ನಂಬರಿನ ಗೋಡೆಯ ಮೇಲಿದ್ದ ಬಿಳಿ ಅರಮನೆ ನಿಜವಾಗಿಯೂ ನೀರಿನ ನಡುವೆ ಇತ್ತು, ದೀಪಗಳು ಒಂದೊಂದಾಗಿ ಹೊತ್ತುತ್ತಿದ್ದವು. ಮೇಜಿನ ಮೇಲಿದ್ದ ಹೋಟೆಲಿನ ಅರ್ಜಿಯಲ್ಲಿ, ಬಂದ ಕಾರಣ ಎಂಬಲ್ಲಿ, ಕಚೇರಿ ಕೆಲಸ ಎಂದು ನಾನೇ ಬರೆದಿದ್ದೆ. ಚಾಕೊಲೇಟನ್ನು ತೆಗೆದು ಪಕ್ಕದ ಖಾಲಿ ದಿಂಬಿನ ಮೇಲಿಟ್ಟೆ. ಬಾಗಿಲ ಕಡೆ ತಿರುಗಿ ಎದ್ದು ನಿಂತೆ.

"ಬರ್ರಿ, ನಿಮ್ಮ ರೂಮ್..." ಎಂದೆ.