ನಿನ್ನ ದಸ್ಕತ್ತು ಸಾಕು ಎಂದ ಪೆಂಟಮ್ಮ

ನಮ್ಮೂರಿನ ಆಶಾ ಕಾರ್ಯಕರ್ತೆ ಪೆಂಟಮ್ಮಕ್ಕನ ಸೊಂಟದಲ್ಲಿ ಸದಾ ಒಂದು ಚಂಚಿ ಇರುತ್ತದೆ. ನಾಲ್ಕು ಅರೆಗಳ ಬಟ್ಟೆಯ ಚೀಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಮೂರನೆಯದರಲ್ಲಿ ರಕ್ತ ಹೆಚ್ಚಿಸುವ ಗುಳಿಗೆ. ನಾಲ್ಕನೆಯದರಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂದು ಕಾಗದ. ಸುಣ್ಣದ ಡಬ್ಬಿ ಮರೆತು ಬಂದಾಳು, ಆ ಕಾಗದವನ್ನು ಮರೆಯಳು. ಮದುವೆಯಾಗಿ ಬಂದ ಮೇಲೆ ಎರಡು ವರ್ಷ ನಾನು ಅದೇನೆಂದು ಕೇಳಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ತಾನಾಗಿ ತಿಳಿಯಿತು.

ನಮ್ಮದು ತೆಲುಗು ರಾಜ್ಯದ ಗಡಿಯಲ್ಲಿರುವ ಕೃಷ್ಣಾ ಮಂಡಲದ ಹಳ್ಳಿ. ಹೊಳೆಯ ಆಚೆ ರಾಯಚೂರು ಸೀಮೆ, ಈಚೆ ನಾವು. ಶಾಲೆ ಕನ್ನಡದ್ದು, ಸರಕಾರದ ಕಾಗದ ತೆಲುಗಿನದು. ಪೆಂಟಮ್ಮಕ್ಕ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಆಶಾ ಕೆಲಸಕ್ಕೆ ಸೇರಿದಾಗ ಮೂವತ್ತರ ಹತ್ತಿರವಿದ್ದಳಂತೆ. ಬಸ್ಸಿನ ಬೋರ್ಡು ಮತ್ತು ಔಷಧದ ಪೆಟ್ಟಿಗೆ ನೋಡಿ ನೋಡಿ ತೆಲುಗು ಓದಲು ಕಲಿತಳು. "ಮಕ್ತಲ್ ಅಂತ ಓದಾಕ ಮೂರು ತಿಂಗ್ಳು ಬೇಕಾತು. ಅಷ್ಟರಾಗ ಬಸ್ಸೇ ಹೋಗಿಬಿಡ್ತಿತ್ತು" ಎಂದು ಈಗಲೂ ನಗುತ್ತಾಳೆ. ಈ ಹದಿನೆಂಟು ವರ್ಷಗಳಲ್ಲಿ ಊರಿನಲ್ಲಿ ಹುಟ್ಟಿದ ಯಾವ ಕೂಸನ್ನೂ ಅವಳು ಎತ್ತಿಕೊಳ್ಳದೆ ಬಿಟ್ಟಿಲ್ಲ.

ನನ್ನ ಮಗಳು ದೇವಿಕಾಳನ್ನೂ ಎತ್ತಿಕೊಂಡವಳು ಅವಳೇ. ಏಪ್ರಿಲ್ ಕೊನೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆಯಾಯಿತು. ಎರಡು ಬಾಟಲಿ ರಕ್ತ ಏರಿಸಿದರು. ಮೂರು ವರ್ಷ ಇನ್ನೊಂದು ಬಸಿರು ಬೇಡವೆಂದು ಹೇಳಿ ಕಳಿಸಿದ್ದರು. ಪೆಂಟಮ್ಮಕ್ಕ ನಿರೋಧದ ಪೊಟ್ಟಣ ತಂದು ಕೊಟ್ಟಿದ್ದಳು. ನಾನು ಅದನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟು ಸುಮ್ಮನಾಗಿದ್ದೆ. ಮೊಲೆ ಕುಡಿಸುವಾಗ ಬಸಿರು ನಿಲ್ಲುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಹೆರಿಗೆಯ ಮೇಲೆ ಮುಟ್ಟೇ ಆಗಿರಲಿಲ್ಲ. ಮುಟ್ಟೇ ಇಲ್ಲದೆ ಬಸಿರೆಲ್ಲಿಂದ ಎಂದುಕೊಂಡೆ.

ನಾವು ಕುರಿ ಸಾಕುವವರು. ದೀಪಾವಳಿಗೆ ಮನೆಗೆ ಬಂದಿದ್ದ ನನ್ನ ಗಂಡ ಭೀಮಶಂಕರ್ ಎಂಟು ದಿನ ಇದ್ದು ಮತ್ತೆ ಮಂದೆಯ ಜೊತೆ ಹೊರಟರು. ಕೊಯ್ದ ಭತ್ತದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಮಂದೆ ತರುಬುತ್ತಾ ರಾಜೋಳಿ ದಾಟಿ ತುಂಗಭದ್ರೆಯ ಆಚೆಗೆ ಹೋದರೆ ತಿರುಗಿ ಬರುವುದು ಹೋಳಿಯ ಹೊತ್ತಿಗೆ. ಡಿಸೆಂಬರಿನ ಒಂದು ಬೆಳಿಗ್ಗೆ ರೊಟ್ಟಿ ಸುಡುವ ವಾಸನೆಗೆ ನನ್ನ ಹೊಟ್ಟೆ ತೊಳಸಿತು. ಮರುದಿನವೂ ಹಾಗೇ. ಪೆಂಟಮ್ಮಕ್ಕನ ಮನೆಗೆ ಹೋಗಿ ಪರೀಕ್ಷೆ ಮಾಡಿಕೊಂಡೆ. ಎರಡು ಗೆರೆ ಮೂಡಿದವು.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ದೇವಿಕಾಳನ್ನು ತೊಡೆಯ ಮೇಲೆ ಹಾಕಿಕೊಂಡು, "ಪದ್ಮಾ, ಇಟ್ಕೋತೀ ಏನು, ಬ್ಯಾಡೇನು?" ಎಂದಳು.

ನನ್ನನ್ನು ಯಾರೂ ಯಾವುದನ್ನೂ ಹಾಗೆ ಕೇಳಿರಲಿಲ್ಲ. "ಬ್ಯಾಡಕ್ಕಾ" ಎಂದೆ. ಆ ಮಾತು ಇಷ್ಟು ಗಟ್ಟಿಯಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯ. ಹೊಲಿಗೆ ಇನ್ನೂ ಜುಮ್ಮೆನ್ನುತ್ತಿತ್ತು. ಮಗಳು ಕೂರಿಸಿದರೆ ಒಂದು ಕಡೆಗೆ ವಾಲುತ್ತಿದ್ದಳು. ಇನ್ನೊಂದು ಸಲ ಆ ಮೇಜಿನ ಮೇಲೆ ಮಲಗಿದರೆ ಅವಳಿಗೆ ತಾಯಿ ಉಳಿಯುತ್ತಾಳೋ ಇಲ್ಲವೋ ಎಂಬ ಹೆದರಿಕೆ ನನ್ನದು.

ಗಂಡನಿಗೆ ಫೋನ್ ಮಾಡಿದೆ. "ನಿನ್ ಜೀವ ಮೊದ್ಲು. ನಿನಗ ಹೆಂಗ ತಿಳೀತೈತಿ ಹಂಗ ಮಾಡು. ಅವ್ವಗ ಮಾತ್ರ ಈಗ ಹೇಳಬ್ಯಾಡ" ಎಂದರು. ನನ್ನ ಅತ್ತೆ ಗುರಮ್ಮ ಮುಂದಿನ ಕೂಸು ಗಂಡಾದರೆ ಮೈಲಾರನಿಗೆ ಕರಿ ಕಂಬಳಿ ಹೊದಿಸುವುದಾಗಿ ಹರಕೆ ಹೊತ್ತಿದ್ದರು. ಕಂಬಳಿಯನ್ನು ನೇಯಿಸಿ ಪೆಟ್ಟಿಗೆಯಲ್ಲಿ ಇಟ್ಟೂ ಆಗಿತ್ತು.

ಮಗಳಿಗೆ ನೆಗಡಿ ಎಂದು ಅತ್ತೆಗೆ ಸುಳ್ಳು ಹೇಳಿ ನಾವಿಬ್ಬರೂ ಮಕ್ತಲ್‌ಗೆ ಹೋದೆವು. ಅದು ಹತ್ತಿರದ ಪೇಟೆ. ಅಲ್ಲೊಂದು ಖಾಸಗಿ ದವಾಖಾನೆ. ಕೌಂಟರಿನ ಹುಡುಗಿ ತಲೆ ಎತ್ತದೆ ತೆಲುಗಿನಲ್ಲಿ, "ಭರ್ತ ಸಂತಕಂ ಕಾವಾಲಿ" ಎಂದಳು. ಗಂಡನ ಸಹಿ ಬೇಕಂತೆ. ಅವಳ ಹಿಂದಿನ ಗೋಡೆಯ ಮೇಲೂ ಕೆಂಪು ಬಣ್ಣದಲ್ಲಿ ಅದನ್ನೇ ಬರೆದಿತ್ತು.

ಪೆಂಟಮ್ಮಕ್ಕ ಚಂಚಿಯಿಂದ ಕಾಗದ ತೆಗೆದು ಬಿಡಿಸಿದಳು. ಅದು ಗರ್ಭಪಾತದ ಒಪ್ಪಿಗೆ ಪತ್ರದ ಜೆರಾಕ್ಸು. ತರಬೇತಿಯಲ್ಲಿ ಕೊಟ್ಟದ್ದಂತೆ. ಸಹಿಯ ಜಾಗಕ್ಕೆ ಕೆಂಪು ಪೆನ್ನಿನ ಗೆರೆ ಎಳೆದಿದ್ದಳು. "ನೋಡವಾ, ಹದಿನೆಂಟು ತುಂಬಿದಾಕಿ ತಾನ ಸಹಿ ಹಾಕಿದ್ರ ಸಾಕು. ಗಂಡ ಅನ್ನೋ ಅಕ್ಷರ ಇದ್ರಾಗ ಎಲ್ಲೈತಿ ತೋರ್ಸು."

"ಅದು ಸರಕಾರದ್ದು. ಇಲ್ಲಿ ನಮ್ಮ ರೂಲು ಬೇರೆ" ಎಂದಳು ಹುಡುಗಿ.

ನಾನು ಗಂಡನಿಗೆ ಫೋನ್ ಹಚ್ಚಿ ಅವಳ ಮುಂದೆ ಹಿಡಿದೆ. ಅವರ ದನಿಗಿಂತ ಕುರಿಗಳ ದನಿಯೇ ಜೋರಾಗಿ ಕೇಳಿಸಿತು. "ಹಾಕ್ಕೊಳ್ರೀ ಅಕಿ ಸಹಿ! ನಾ ಹೂಂ ಅಂದೀನ್ರೀ!" ಎಂದು ಅವರು ಕೂಗುತ್ತಿದ್ದರು. ಸುತ್ತ ಕೂತವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ಆದರೆ ಗಂಡ ಖುದ್ದಾಗಿ ಬರಲೇಬೇಕೆಂದಳು. ಮಂದೆ ಕಾಯುವ ಜೊತೆಗಾರ ಜ್ವರದಿಂದ ಮಲಗಿದ್ದಾಗ ಇನ್ನೂರು ಕುರಿಗಳನ್ನು ಬಯಲಿನಲ್ಲಿ ಬಿಟ್ಟು ಅವರು ಹೇಗೆ ಬಂದಾರು?

ಪೆಂಟಮ್ಮಕ್ಕ ಬಸ್ಸಿನ ಹೊತ್ತು ಕೇಳಲು ಹೋದಾಗ ನಾನೊಂದು ತಪ್ಪು ಮಾಡಿದೆ. ರಸ್ತೆಯ ಆಚೆಯ ಔಷಧದ ಅಂಗಡಿಗೆ ಹೋಗಿ ಬಸಿರು ತೆಗೆಯುವ ಗುಳಿಗೆ ಇದೆಯಾ ಎಂದು ಮೆಲ್ಲಗೆ ಕೇಳಿದೆ. ಅಂಗಡಿಯವನು ಎಷ್ಟು ತಿಂಗಳು ಎಂದು ಕೇಳಲಿಲ್ಲ, ಹೊಟ್ಟೆ ಕೊಯ್ದಿದ್ದಾರಾ ಎಂದೂ ಕೇಳಲಿಲ್ಲ. ಒಂದು ಪೊಟ್ಟಣ ಕೊಟ್ಟ. ಅದನ್ನು ಮಗಳ ದುಪ್ಪಟಿಯ ಮಡಿಕೆಯಲ್ಲಿ ಅಡಗಿಸಿ ತಂದೆ.

ಮರುದಿನ ಮುಂಜಾನೆ ಅತ್ತೆ ದುಪ್ಪಟಿ ಒಗೆಯಲು ಕೊಡವಿದರು. ಪೊಟ್ಟಣ ಅವರ ಕಾಲ ಮೇಲೆ ಬಿತ್ತು. ಅವರಿಗೆ ಓದಲು ಬರುವುದಿಲ್ಲ. ಪೊಟ್ಟಣವನ್ನೂ ನನ್ನ ಮುಖವನ್ನೂ ನೋಡಿದರು. ಸೆರಗು ಬಿಗಿದು, ಪೊಟ್ಟಣ ಹಿಡಿದು ಪೆಂಟಮ್ಮಕ್ಕನ ಮನೆಗೆ ನಡೆದರು. ನಾನು ಮಗಳನ್ನೆತ್ತಿಕೊಂಡು ಹಿಂದೆ ಓಡಿದೆ.

"ಪೆಂಟೀ, ಹೊರಗ ಬಾ! ನನ್ ಸೊಸಿಗೆ ಏನ್ ಮದ್ದು ಕೊಟ್ಟೀದಿ?"

ಪೆಂಟಮ್ಮಕ್ಕ ಪೊಟ್ಟಣ ನೋಡಿ ಬಿಳಿಚಿಕೊಂಡಳು. ಅತ್ತೆಯ ಕಡೆ ತಿರುಗಲೂ ಇಲ್ಲ. ನನ್ನ ಎರಡೂ ತೋಳು ಹಿಡಿದು, "ಎಷ್ಟು ನುಂಗೀದಿ? ಖರೇ ಹೇಳು" ಎಂದಳು.

"ಒಂದೂ ಇಲ್ಲಕ್ಕಾ."

ಅವಳು ಅತ್ತೆಯ ಕೈಯಿಂದ ಪೊಟ್ಟಣ ಇಸಿದುಕೊಂಡು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಅತ್ತೆಗೆ ಹೇಳಿದಳು: "ನಾ ಕೊಟ್ಟಿಲ್ಲತ್ತಿ. ನಿನ್ ಹೆದರಿಕಿ ಕೊಟ್ಟೈತಿ." ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೊನೆಯಲ್ಲಿ ತನ್ನ ಅಕ್ಕ ಅನಂತಮ್ಮನ ಕತೆ. ನಾಲ್ಕು ಹೆತ್ತಿದ್ದ ಅನಂತಮ್ಮ ಐದನೆಯದು ಬೇಡವೆಂದು ಊರಿನ ಒಬ್ಬಳ ಕೈಯಲ್ಲಿ ಬೇರಿನ ಮದ್ದು ಮಾಡಿಸಿಕೊಂಡು, ಮೂರನೆಯ ದಿನ ತೀರಿಕೊಂಡಿದ್ದಳು. ಆಗಲೂ ಅವಳ ಗಂಡ ಮಂದೆಯ ಜೊತೆ ದೂರ ಇದ್ದ. "ದವಾಖಾನಿಗೆ ಒಯ್ಯಾಕ ಅಂವಾ ಬರೂತನ ಕಾದ್ರು. ಮಣ್ಣು ಮಾಡಾಕ ಬಂದ. ಅದಕ್ಕ ಈ ಕಾಗದ ಹೊತ್ಕೊಂಡು ತಿರುಗ್ತೀನಿ, ಅತ್ತಿ."

ಅತ್ತೆ ಸೆರಗನ್ನು ಇನ್ನೊಮ್ಮೆ ಬಿಗಿದರು. ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ನಾನು ಮಗಳನ್ನು ಅವುಚಿಕೊಂಡೆ. ಅವರು ಕೇಳಿದ್ದು ಬೇರೆ.

"ಮಕ್ತಲದಾಗ ಗಂಡನ ದಸ್ಕತ್ತು ಬೇಕಂದ್ರೇನು?"

"ಹೂಂ, ಅತ್ತಿ."

"ಯಾರಲೇ ಅಂದಾಕಿ!" ಅತ್ತೆಯ ದನಿ ಏರಿತು. "ಮೂವತ್ತು ವರ್ಷ ನನ್ ಗಂಡ ಕುರಿ ಹಿಂದ ಇದ್ದ. ಟಗರು ಮಾರಿದಾಕಿ ನಾನು, ಹೊಲ ಹಿಡಿದಾಕಿ ನಾನು, ನಾದಿನಿ ಲಗ್ನ ಗಟ್ಟಿ ಮಾಡಿದಾಕಿ ನಾನು. ಗಂಡ್ಸೂರು ಹೊಳಿ ದಾಟಿದ್ರ ಮನ್ಯಾಗಿನ ಹೆಂಗ್ಸಿನ ಮಾತ ಮಾತು. ಕುರುಬರ ಮನಿಗೆ ಇದು ಹೊಸದೇನು?" ಆಮೇಲೆ ನನ್ನ ಕಡೆ ತಿರುಗಿದರು. "ಮರಿ ಮೊಲಿ ಬಿಡೂತನ ಕುರಿ ಹತ್ರ ಟಗರು ಬಿಡಲ್ಲ ನಾವು. ಸೊಸಿಗೆ ಅಷ್ಟೂ ವಿಚಾರ ಮಾಡಲ್ಲ ಅಂದ್ಕೊಂಡ್ಯಾ, ಹುಚ್ಚಿ? ನನಗ್ಯಾಕ ಹೇಳಲಿಲ್ಲ?"

"ಕಂಬಳಿ…" ಎಂದೆ.

"ಕಂಬಳಿ ಕೊಳೀತೈತೇನು? ನಡಿ. ಎಲ್ಲಿಗೆ ಹೋಗ್ಬೇಕು ಹೇಳು ಪೆಂಟೀ."

ಪೆಂಟಮ್ಮಕ್ಕ ಗದ್ವಾಲದ ಹೆಸರು ಹೇಳಿದಳು. ಅಲ್ಲಿಯ ಸರಕಾರಿ ದವಾಖಾನೆಯಲ್ಲಿ ಡಾಕ್ಟರ್ ರಜಿತಾ ಎಂಬವರು ತರಬೇತಿಯಿಂದ ಅವಳಿಗೆ ಪರಿಚಯ. ಮೂವರು ಹೆಂಗಸರು, ಒಂದು ಕೂಸು, ಬುತ್ತಿ. ಎರಡು ಬಸ್ಸು ಬದಲಿಸಿ, ಜೂರಾಲ ಅಣೆಕಟ್ಟಿನ ಮೇಲೆ ಹೋದೆವು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಜೀರೋ ಟಿಕೆಟ್. ಅತ್ತೆ ಆ ಚೀಟಿಯನ್ನು ಹಿಡಿದು, "ಇದಕ್ಕ ಗಂಡನ ದಸ್ಕತ್ತು ಬ್ಯಾಡೇನಪಾ?" ಎಂದು ಕಂಡಕ್ಟರನನ್ನು ಕೆಣಕಿದರು. ಅವನು ಕಕ್ಕಾಬಿಕ್ಕಿಯಾದ. ಪೆಂಟಮ್ಮಕ್ಕ ಸೆರಗು ಬಾಯಿಗೆ ಒತ್ತಿ ನಕ್ಕಳು. ನನಗೂ ನಗು ಬಂತು.

ಡಾಕ್ಟರ್ ರಜಿತಾ ಮೊದಲು ಅವರಿಬ್ಬರನ್ನೂ ಹೊರಗೆ ಕೂರಿಸಿದರು. ನನ್ನೊಬ್ಬಳನ್ನೇ ಒಳಗೆ ಕರೆದು, "ಇದು ಯಾರ ತೀರ್ಮಾನ? ಯಾರಾದರೂ ಒತ್ತಾಯ ಮಾಡಿದ್ದಾರಾ?" ಎಂದು ತೆಲುಗಿನಲ್ಲಿ ಕೇಳಿದರು. ನನ್ನದೇ ಎಂದೆ. ಎಷ್ಟು ದಿನವಾಯಿತು ಎಂದೂ ಕೇಳಿದರು; ಗಂಡ ಮಂದೆಯ ಜೊತೆ ಹೊರಟ ದಿನವನ್ನು ನನ್ನ ದಿನಚರಿಯಲ್ಲಿ ಬರೆದಿದ್ದೆ. ಅದನ್ನು ತೋರಿಸಿದೆ. ಸ್ಕ್ಯಾನ್ ಹತ್ತು ವಾರ ಎಂದಿತು. ಔಷಧದ ಅಂಗಡಿಯ ಪೊಟ್ಟಣವನ್ನು ನೋಡಿ ಅವರು ಅದನ್ನು ಮೇಜಿನ ಅಂಚಿಗೆ ಸರಿಸಿದರು. "ಈ ಗುಳಿಗೆ ನುಂಗುವ ವಾರಗಳು ದಾಟಿವೆ. ನಿಮ್ಮ ಹೊಟ್ಟೆಗೆ ಹೊಲಿಗೆ ಬೇರೆ ಬಿದ್ದಿದೆ. ಒಬ್ಬಳೇ ಮನೆಯಲ್ಲಿ ನುಂಗಿದ್ದರೆ ರಕ್ತ ನಿಲ್ಲಿಸುವವರು ಯಾರು?" ಎಂದರು. ನಾನು ಕಿಟಕಿಯ ಆಚೆ ಅತ್ತೆಯ ತೊಡೆಯ ಮೇಲಿದ್ದ ಮಗಳನ್ನು ನೋಡಿದೆ.

ರಕ್ತ ಪರೀಕ್ಷೆ ಆಯಿತು. ಒಪ್ಪಿಗೆ ಪತ್ರ ಬಂತು. ಪೆಂಟಮ್ಮಕ್ಕನ ಚಂಚಿಯಲ್ಲಿದ್ದ ಅದೇ ಕಾಗದ, ಆದರೆ ಹೊಸದು, ಗರಿಗರಿ. ಅಷ್ಟರಲ್ಲಿ ಅತ್ತೆ ಬಾಗಿಲು ತಳ್ಳಿಕೊಂಡು ಬಂದು ಎಡಗೈ ಹೆಬ್ಬೆರಳು ಚಾಚಿ ನಿಂತರು. ಮೂವತ್ತು ವರ್ಷ ಆ ಮನೆಯ ಎಲ್ಲ ಕಾಗದಕ್ಕೂ ಒತ್ತಿದ ಹೆಬ್ಬೆರಳು.

"ಎಲ್ಲಿ ಒತ್ತಬೇಕ್ರೀ ಡಾಕ್ಟರಮ್ಮ?"

ಡಾಕ್ಟರಮ್ಮ ನಕ್ಕರು. ಮುರುಕು ಕನ್ನಡದಲ್ಲಿ, "ನಿಮ್ದು ಬೇಡ ಅಮ್ಮ. ಆಕೆದು ಒಂದೇ" ಎಂದರು.

ಅತ್ತೆಯ ಮುಖ ಸಣ್ಣದಾಯಿತು. "ಗಂಡಂದು ಬ್ಯಾಡ, ಸರಿ. ನಂದೂ ಬ್ಯಾಡೇನು?"

"ನಿಂದೂ ಬ್ಯಾಡತ್ತಿ" ಎಂದು ಪೆಂಟಮ್ಮಕ್ಕ ಬಾಗಿಲಿನಿಂದಲೇ ಹೇಳಿದಳು. "ಮೈ ಅಕೀದು."

ಅತ್ತೆ ಹೆಬ್ಬೆರಳನ್ನು ಒಂದು ಗಳಿಗೆ ನೋಡಿಕೊಂಡರು. ಆಮೇಲೆ ಅದನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡು, ಮೇಜಿನ ಮೇಲಿದ್ದ ಪೆನ್ನನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು. "ಹಾಕು ಮತ್ತ. ಚಂದಾಗಿ ಹಾಕು."

ಕನ್ನಡದಲ್ಲಿ ಹಾಕಬಹುದಾ ಎಂದು ಕೇಳಿದೆ. ಯಾವ ಭಾಷೆಯಾದರೂ ಸರಿ ಎಂದರು. ಪದ್ಮಶ್ರೀ ಎಂದು ಪೂರ್ತಿ ಹೆಸರು ಬರೆದೆ, ಒತ್ತು ದೀರ್ಘ ಒಂದನ್ನೂ ಬಿಡದೆ.

ಮರಗಟ್ಟಿಸುವ ಸೂಜಿ, ಒಂದು ಕೊಳವೆ, ಕಾಲು ಗಂಟೆಯ ಕೆಲಸ. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಡೆದುಕೊಳ್ಳುವಷ್ಟೇ ನೋವು, ಮುಟ್ಟಿನ ದಿನಗಳ ಹಾಗೆ. ನಾನು ಕೇಳಿದ್ದರಿಂದ ಕಾಪರ್-ಟಿಯನ್ನೂ ಆಗಲೇ ಹಾಕಿದರು. ಎರಡು ತಾಸು ಮಲಗಿ ಎದ್ದು ಬುತ್ತಿಯ ರೊಟ್ಟಿ ತಿಂದೆ. ಮಗಳು ಹಸಿದು ಕೂಗಿದಳು. ಅವಳಿಗೆ ಮೊಲೆ ಕೊಡುತ್ತಾ ಕಣ್ಣು ಮುಚ್ಚಿ ಕೂತೆ. ಇದ್ದೇನೆ, ಇನ್ನೂ ಬಹಳ ದಿನ ಇರುತ್ತೇನೆ ಎಂದು ಅವಳ ನೆತ್ತಿಗೆ ಹೇಳಿದೆ.

ಪೆಂಟಮ್ಮಕ್ಕ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ತಿಂಗಳ ಆಶಾ ಸಭೆಯಲ್ಲಿ ಎದ್ದು ನಿಂತು ಮಕ್ತಲದ ಗೋಡೆಯ ಬರಹವನ್ನು ಓದಿ ಹೇಳಿದಳಂತೆ. ಅವಳ ಹಿಂದೆ ಇನ್ನೂ ಹನ್ನೊಂದು ಆಶಾಗಳು ಎದ್ದು, ತಮ್ಮೂರಿನಿಂದಲೂ ಹೆಂಗಸರು ಹೀಗೇ ತಿರುಗಿ ಬಂದಿದ್ದಾರೆ ಎಂದರಂತೆ. ಸಭೆಗೆ ಬಂದ ಅಧಿಕಾರಿ ಎಲ್ಲವನ್ನೂ ಬರೆದುಕೊಂಡರಂತೆ. ಫೆಬ್ರವರಿಯಲ್ಲಿ ನಾವಿಬ್ಬರೂ ಮಕ್ತಲದ ಅದೇ ದವಾಖಾನೆಗೆ ಹೋದೆವು. ಪೆಂಟಮ್ಮಕ್ಕನ ಪರಿಚಯದ ನಾರಾಯಣಪೇಟೆಯ ನೇಕಾರ ಹೆಂಗಸೊಬ್ಬಳು ಜೊತೆಗಿದ್ದಳು. ಕೌಂಟರಿನ ಹಿಂದಿನ ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಕೆಂಪು ಅಕ್ಷರ ಕಾಣಲಿಲ್ಲ. ಅದೇ ಹುಡುಗಿ ಕಾಗದವನ್ನು ಆ ಹೆಂಗಸಿನ ಮುಂದೆ ಸರಿಸಿ, "ಇಕ್ಕಡ ಮೀ ಸಂತಕಂ" ಎಂದಳು. ಇಲ್ಲಿ ನಿಮ್ಮ ಸಹಿ. ಪೆಂಟಮ್ಮಕ್ಕ ಚಂಚಿ ಬಿಚ್ಚಿದಳು. ಕಾಗದ ತೆಗೆಯುತ್ತಾಳೆ ಎಂದುಕೊಂಡೆ. ಎಲೆ ಅಡಿಕೆ ತೆಗೆದು ನೆಮ್ಮದಿಯಿಂದ ಬಾಯಿಗೆ ಹಾಕಿಕೊಂಡಳು.

ಆ ಸಂಜೆ ಅತ್ತೆ ಪೆಟ್ಟಿಗೆ ತೆರೆದು ಕರಿ ಕಂಬಳಿಯನ್ನು ಹೊರತೆಗೆದರು. ಪೆಂಟಮ್ಮಕ್ಕನ ಮನೆಗೆ ಹೋಗಿ ಅವಳ ಹೆಗಲ ಮೇಲೆ ಹಾಕಿದರು.

"ಇದು ಮೈಲಾರಂದು, ಅತ್ತಿ!" ಎಂದು ಪೆಂಟಮ್ಮಕ್ಕ ಹೌಹಾರಿದಳು.

"ಅಂವಗ ಇನ್ನೊಂದು ನೇಯಿಸ್ತೀನಿ. ಅಂವಾ ಏನೂ ಅನ್ನಲ್ಲ, ಕುರಿ ಕಾಯೋರ ದ್ಯಾವ್ರು. ನಿನ್ನಿಂದ ನನ್ ಸೊಸಿ ನಾ ಸತ್ತ ಮ್ಯಾಲೂ ಇರ್ತಾಳ. ಹೊತ್ಕೋ."

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಆದರೂ ಪೆಂಟಮ್ಮಕ್ಕ ಆ ಉಣ್ಣೆಯ ಕಂಬಳಿಯನ್ನು ಹೊದ್ದುಕೊಂಡೇ ಬೀದಿಯುದ್ದಕ್ಕೂ ನಡೆದಳು. ಬೆವರು ಇಳಿಯುತ್ತಿತ್ತು, ತೆಗೆಯಲಿಲ್ಲ. ನೀರಿನ ಟಾಕಿಯ ಹತ್ತಿರ ಹೆಂಗಸರು ಕೊಡ ಇಳಿಸಿ ನೋಡಿದರು. ಏನು ಸನ್ಮಾನವಾ ಎಂದು ಯಾರೋ ಕೇಳಿದರು.

"ಹೂಂ" ಎಂದಳು ಪೆಂಟಮ್ಮಕ್ಕ. "ಗುರಮ್ಮತ್ತಿ ಮಾಡ್ಯಾಳ. ದಸ್ಕತ್ತಿಲ್ದ."