ಇಳಿಜಾರು ನೆಲದ ಯಜಮಾನ
ಇಂಗ್ಲೆಂಡಿನ ಸಫೋಕ್‌ನ ಹಳೆಯ ಓಕ್ ಮರದ ಮನೆಗಳ ರೈತರೆಲ್ಲ ಒಂದೇ ಅಚ್ಚಿನವರು. ನಮ್ಮ ನೆರೆಯ ಆಂಬ್ರೋಸ್ ಗ್ಯಾರಡ್ ಆ ಅಚ್ಚಿನ ಅತಿರೇಕ. ತಗ್ಗು ತೊಲೆಗಳ ಕೆಳಗೆ ಬಗ್ಗಿ ಬಗ್ಗಿ ರೂಢಿಯಾದ ಅವನು ಬಟ್ಟಬಯಲಿನಲ್ಲೂ ತಲೆ ತಗ್ಗಿಸಿಯೇ ನಡೆಯುತ್ತಾನೆ. "ನಾನೂರು ವರ್ಷದ ಹಿಂದೆ ಹಸಿ ಮರದಲ್ಲೇ ಕಟ್ಟಿದ್ದು ಕಣಯ್ಯಾ. ಒಣಗ್ತಾ ಒಣಗ್ತಾ ತನಗೆ ಬೇಕಾದ ಹಾಗೆ ಮೈ ತಿರುಗಿಸಿಕೊಂಡಿದೆ," ಎಂದು ವಾಲಿದ ಕಂಬವನ್ನು ಹಸುವಿನ ಬೆನ್ನಿನಂತೆ ತಟ್ಟುತ್ತಾನೆ. ಮರದ ಗೂಟಗಳ ಬಿಗಿಯಲ್ಲೇ ನಿಂತ ಆ ಚೌಕಟ್ಟಿಗೆ ಮೊಳೆ ಹೊಡೆಯುವವನು ಅವನ ಪಾಲಿಗೆ ಕೊಲೆಗಾರ. ಹಲಗೆಯ ನೆಲ ಎಷ್ಟು ಇಳಿಜಾರೆಂದರೆ, ತಟ್ಟೆಯ ಬಟಾಣಿಗಳೆಲ್ಲ ಒಂದೇ ಅಂಚಿಗೆ ಉರುಳುತ್ತವೆ. "ಈ ಮನೇಲಿ ನೆಟ್ಟಗಿರೋದು ನನ್ನ ನಾಲಿಗೆ ಒಂದೇ," ಎನ್ನುತ್ತಾಳೆ ಹೆಂಡತಿ ಎನಿಡ್. ಮಗಳು ಥಿಯಾ ಕುದುರೆಯಿಂದ ಬಿದ್ದು ಕಾಲು ಕುಂಟಾದ ಮೇಲೆ, ಜನರೆದುರು ನಡೆಯಲು ನಾಚಿ, ಚಳಿಗಾಲವಿಡೀ ಒಲೆಯ ಪಕ್ಕದ ಕುರ್ಚಿ ಬಿಡಲಿಲ್ಲ. ಅವಳಿಗೆ ನಡೆಯಲು ಸುಲಭವಾಗಲೆಂದು ನೆಲ ಸಮ ಮಾಡಲು ಎನಿಡ್ ಕರೆಸಿದ ಬಡಗಿಯನ್ನು ಆಂಬ್ರೋಸ್ ಹೊಸ್ತಿಲಲ್ಲೇ ತಡೆದ. "ಮಗಳಿಗಿಂತ ಹಲಗೆ ಹೆಚ್ಚಾಯ್ತೇನೋ ಮುದುಕಾ?" ಎಂದು ಅವಳು ಕೂಗಾಡಿದಳು. ಅವನು ಭಾನುವಾರದ ಊಟಕ್ಕೆ ಊರವರನ್ನೆಲ್ಲ ಕರೆದ. ಬಂದವರೆಲ್ಲ ಆ ಇಳಿಜಾರಿನಲ್ಲಿ ತಟ್ಟೆ ಹಿಡಿದು ಓಲಾಡುತ್ತ, ಕಂಬ ಹಿಡಿಯುತ್ತ ನಡೆದರು. ಪಾದ್ರಿಯಂತೂ ಸಾಕ್ಷಾತ್ ಬಾತುಕೋಳಿ. ಥಿಯಾ ಮೊದಲು ನಕ್ಕಳು, ಆಮೇಲೆ ಎದ್ದಳು. ಬಿಸಿ ಆಲೂಗಡ್ಡೆಯ ಬೋಗುಣಿ ಹಿಡಿದು ಆ ಉದ್ದನೆಯ ಕೋಣೆಯನ್ನು ದಾಟಿದಳು. ಅಷ್ಟು ಓಲಾಟದ ನಡುವೆ ಅವಳ ಓಲಾಟವನ್ನು ಬೇರೆಯಾಗಿ ಗುರುತಿಸುವವರೇ ಇರಲಿಲ್ಲ. "ದಾರಿ ಬಿಡಿ ಪಾದ್ರಿಗಳೇ," ಎಂದಳು, "ನಿಮಗೆ ನಡೆಯೋಕೇ ಬರಲ್ಲ."